ಪರಂಗಿಯ ಭಯ, ಪಾನಿಪುರಿಯ ಧೈರ್ಯ: ಬಸುರಿನ ಮೊದಲ ಮೂರು ತಿಂಗಳ ಊಟ

ರಾತ್ರಿ ಹತ್ತೂವರೆಗೆ ಅಕ್ಕನ ಮಗಳ ಫೋನು. "ಚಿಕ್ಕಮ್ಮಾ, ಮಧ್ಯಾಹ್ನ ಕ್ಯಾಂಟೀನಲ್ಲಿ ಮಾತಾಡ್ತಾ ಮಾತಾಡ್ತಾ ನಾಲ್ಕು ಹೋಳು ಪರಂಗಿ ಹಣ್ಣು ತಿಂದ್ಬಿಟ್ಟೆ. ಏನಾದ್ರೂ ಆಗತ್ತಾ?"

ಅವಳಿಗೆ ಆಗ ಆರನೇ ವಾರ. ಗಂಡ, ಅಮ್ಮ, ಅಜ್ಜಿ ಮತ್ತು ನನ್ನನ್ನು ಬಿಟ್ಟರೆ ಯಾರಿಗೂ ವಿಷಯ ಗೊತ್ತಿರಲಿಲ್ಲ. ಹಣ್ಣೋ ಕಾಯೋ ಅಂತ ಕೇಳಿದೆ. ಚೆನ್ನಾಗಿ ಹಣ್ಣಾಗಿತ್ತಂತೆ. ಹಾಗಾದರೆ ಸುಮ್ನೆ ಮಲಗು ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಸರಿ, ಬೆಳಗಿನಿಂದ ಏನೇನು ತಿಂದೆ ಹೇಳು ಅಂದೆ. ಪಟ್ಟಿ ಬಂತು. ಬೆಳಿಗ್ಗೆ ಹಸಿ ಮೊಳಕೆ ಕಾಳಿನ ಸಲಾಡ್, "ಪ್ರೋಟೀನ್ ಬೇಕಲ್ವಾ" ಅಂತ. ಹನ್ನೊಂದಕ್ಕೆ ಕಾಫಿ. ಮಧ್ಯಾಹ್ನ ಮಯೋನೀಸ್ ಹಚ್ಚಿದ ಸ್ಯಾಂಡ್‌ವಿಚ್, ಆಮೇಲೆ ಆ ಪರಂಗಿ. ಮತ್ತೆರಡು ಕಾಫಿ. ಸಂಜೆ ಮನೆಗೆ ಬರುವಾಗ ಗಾಡಿಯಲ್ಲಿ ಒಂದು ಪ್ಲೇಟ್ ಪಾನಿಪುರಿ. ಫೋಲಿಕ್ ಆಸಿಡ್ ಮಾತ್ರೆ? "ಮುಂದಿನ ವಾರ ಡಾಕ್ಟರ್ ಹತ್ರ ಹೋಗ್ಬೇಕು, ಆಮೇಲೆ ಶುರು ಮಾಡ್ತೀನಿ."

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಹೆದರಬೇಕಾದದ್ದು ಪರಂಗಿ ಹಣ್ಣಿಗೆ. ಅವಳ ನಿದ್ದೆ ಕೆಡಿಸಿದ್ದು ಅದೊಂದೇ.

ನಮ್ಮಲ್ಲಿ ಬಸುರಿಯ ಊಟದ ಮಾತೆಲ್ಲ ಹೆಸರುಗಳ ಸುತ್ತಲೇ ತಿರುಗುತ್ತದೆ. ಪರಂಗಿ ಬೇಡ, ಅನಾನಸ್ ಬೇಡ, ಎಳ್ಳು ಉಷ್ಣ, ಹುರುಳಿ ಉಷ್ಣ, ಬದನೆಕಾಯಿ ನಂಜು. ಆದರೆ ಅದು ಬೆಂದಿತ್ತೇ, ಅದಕ್ಕೆ ಯಾವ ನೀರು ಸೇರಿತ್ತು, ಎಷ್ಟು ಹೊತ್ತು ಎಲ್ಲಿ ಕೂತಿತ್ತು ಎಂದು ಕೇಳುವವರು ಕಡಿಮೆ. ತೊಂದರೆ ಬರುವುದು ಹೆಚ್ಚಾಗಿ ಆ ದಾರಿಯಲ್ಲಿ.

ಪರಂಗಿಯ ಕಥೆ

ಅಜ್ಜಿಯರ ಮಾತು ಪೂರ್ತಿ ಸುಳ್ಳೂ ಅಲ್ಲ. ಪರಂಗಿ ಕಾಯಿ ಹೆಚ್ಚಿದಾಗ ಬಿಳಿ ಹಾಲು ಸೋರುತ್ತದಲ್ಲ, ಅದರಲ್ಲಿ ಪಪೈನ್ ಎಂಬ ಕಿಣ್ವವಿದೆ. ಮಾಂಸ ಮೆತ್ತಗಾಗಲಿ ಅಂತ ಬಿರಿಯಾನಿಯವರು ಪರಂಗಿ ಕಾಯಿ ಅರೆದು ಹಚ್ಚುವುದು ಇದೇ ಕಾರಣಕ್ಕೆ. ಸಿಂಗಪುರದ ಸಂಶೋಧಕರು 2002ರಲ್ಲಿ ಇದನ್ನು ಇಲಿಗಳ ಮೇಲೆ ನೋಡಿದರು. ಕಾಯಿಯ ಹಾಲು ತಾಗಿಸಿದಾಗ ಇಲಿಯ ಗರ್ಭಕೋಶದ ಸ್ನಾಯು ಬಿಗಿಯಾಗಿ ಹಿಂಡಿಕೊಂಡಿತು. ಹಣ್ಣು ತಿನ್ನಿಸಿದ ಬಸುರಿ ಇಲಿಗಳಿಗೆ ಏನೂ ಆಗಲಿಲ್ಲ. ಕಾಯಿ ಹಣ್ಣಾಗುತ್ತಾ ಹೋದಂತೆ ಅದರೊಳಗಿನ ಹಾಲು ಬತ್ತುತ್ತಾ ಬರುತ್ತದೆ. ಹಾಗಾಗಿ ಕಾಯಿ, ದೋರೆಗಾಯಿ ಬೇಡ. ಪೂರ್ತಿ ಹಣ್ಣಾದದ್ದರಿಂದ ಅಪಾಯ ಎನ್ನಲು ಆಧಾರವಿಲ್ಲ. (ಪರಂಗಿ ಅಂದರೆ ಬೆಚ್ಚಿಬೀಳುವ ಮನೆಯಲ್ಲೇ ಬೇಕರಿಯ ಟೂಟಿಫ್ರೂಟಿ ಬನ್ ಕೊಡುತ್ತಾರೆ. ಆ ಕೆಂಪು ಹಸಿರು ಚೂರುಗಳೆಲ್ಲ ಪರಂಗಿ ಕಾಯಿಯವೇ! ಬೇಯಿಸಿ ಸಕ್ಕರೆ ಪಾಕದಲ್ಲಿ ಅದ್ದಿರುತ್ತಾರೆ ಅನ್ನಿ.) ಅನಾನಸಿನಲ್ಲೂ ಬ್ರೊಮೆಲೈನ್ ಎಂಬ ಇಂಥದೇ ಕಿಣ್ವವಿದೆ, ಅದು ಹೆಚ್ಚಾಗಿರುವುದು ಗಿಡದ ದಿಂಡಿನಲ್ಲಿ. ಊಟದ ಜೊತೆ ಎರಡು ಹೋಳು ಹಣ್ಣು ತಿಂದರೆ ಗರ್ಭ ಜಾರುವುದಿಲ್ಲ.

ಹಾಗಾದರೆ ಈ ನಂಬಿಕೆ ಇಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ? ನನ್ನ ಊಹೆ ಇದು. ಬಸುರು ಎಂದು ಗೊತ್ತಾದ 100 ಹೆಂಗಸರಲ್ಲಿ 10ರಿಂದ 20 ಮಂದಿಗೆ ಅದು ನಿಲ್ಲುವುದಿಲ್ಲ, ಅದರಲ್ಲೂ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಹೋಗುತ್ತವೆ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮಿನ ಲೆಕ್ಕ ತಪ್ಪಿರುವುದು. ಅದು ಅಂಡ, ವೀರ್ಯ ಸೇರುವ ಹೊತ್ತಿಗೇ ಆಗಿಹೋಗಿರುವ ಸಂಗತಿ. ಆದರೆ ಕ್ರೋಮೋಸೋಮು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದಿನ ವಾರ ತಿಂದ ಹಣ್ಣು ನೆನಪಿರುತ್ತದೆ. "ಅವತ್ತು ಅದನ್ನ ತಿಂದ್ಯಲ್ಲ" ಅನ್ನುವ ಒಂದು ಮಾತು ಆ ಹೆಂಗಸಿನ ತಲೆಯಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಹಾಗೆ ಹೇಳುವವರಿಗೆ ನಾನು ಎದುರು ಮಾತಾಡಿದ್ದೇನೆ, ಮುಂದೆಯೂ ಆಡುತ್ತೇನೆ.

ತಣ್ಣಗಿದ್ದರೂ ಬೆಳೆಯುವ ಕ್ರಿಮಿ

ಕೆನಡಾದ ಪೂರ್ವ ಕರಾವಳಿಯಲ್ಲಿ 1981ರಲ್ಲಿ 41 ಜನರಿಗೆ ಒಂದೇ ಬಗೆಯ ಸೋಂಕು ಬಂತು. ಅವುಗಳಲ್ಲಿ 34 ಬಸುರಿಯರಿಗೆ ಇಲ್ಲವೇ ಆಗತಾನೇ ಹುಟ್ಟಿದ ಕೂಸುಗಳಿಗೆ ತಗಲಿದ್ದು. ಮೂಲ ಹುಡುಕಿದಾಗ ಸಿಕ್ಕಿದ್ದು ಕೋಲ್‌ಸ್ಲಾ, ಅಂದರೆ ಹಸಿ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಕಲಸಿದ ಸಲಾಡ್. ಆ ಕೋಸು ಬೆಳೆದ ಹೊಲಕ್ಕೆ ಕುರಿ ಗೊಬ್ಬರ ಹಾಕಿದ್ದರು. ಆ ಹಿಂಡಿನ ಕುರಿಗಳಿಗೆ ಇದೇ ರೋಗವಿತ್ತು. ಕೋಸನ್ನು ಚಳಿಗಾಲದಲ್ಲಿ ತಣ್ಣನೆಯ ಗೋದಾಮಿನಲ್ಲಿ ಇಟ್ಟಿದ್ದರು. ಹೆಚ್ಚಿನ ಕ್ರಿಮಿಗಳಿಗೆ ಚಳಿ ಶತ್ರು. ಲಿಸ್ಟೀರಿಯಾ ಎಂಬ ಈ ಕ್ರಿಮಿ ಮಾತ್ರ ಫ್ರಿಜ್ಜಿನ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ಇದು ಆಹಾರದಿಂದ ಹರಡುತ್ತದೆ ಎನ್ನುವುದು ಖಚಿತವಾದದ್ದು ಆ ಘಟನೆಯಿಂದಲೇ.

ಬಸುರಿಯರನ್ನೇ ಯಾಕೆ ಹಿಡಿಯುತ್ತದೆ? ಗರ್ಭದಲ್ಲಿರುವ ಮಗುವಿನಲ್ಲಿ ಅರ್ಧ ಅಪ್ಪನ ಪಾಲು, ತಾಯಿಯ ಮೈಗೆ ಅದು ಅರ್ಧ ಹೊರಗಿನದು. ಅದನ್ನು ಹೊರಹಾಕದೆ ಇಟ್ಟುಕೊಳ್ಳಲು ತಾಯಿಯ ರೋಗನಿರೋಧಕ ಶಕ್ತಿ ತನ್ನ ವರಸೆಯನ್ನು ಸ್ವಲ್ಪ ಬದಲಿಸಿಕೊಳ್ಳುತ್ತದೆ. ಜೀವಕೋಶದ ಒಳಗೆ ಅವಿತುಕೊಳ್ಳುವ ಲಿಸ್ಟೀರಿಯಾಕ್ಕೆ ಅಷ್ಟು ಸಂದು ಸಾಕು. ಬೇರೆಯವರಿಗಿಂತ ಬಸುರಿಯರಿಗೆ ಇದು ತಗಲುವ ಸಾಧ್ಯತೆ ಸುಮಾರು 10 ಪಟ್ಟು ಜಾಸ್ತಿ. ತಾಯಿಗೆ ಬರೀ ಜ್ವರ, ಮೈಕೈ ನೋವು. ಕ್ರಿಮಿ ಮಾಸು ದಾಟಿ ಮಗುವಿಗೆ ಹೋಗುತ್ತದೆ. ತಿಂದು ಎಷ್ಟೋ ವಾರಗಳ ಮೇಲೆ ಜ್ವರ ಬರುವುದೂ ಉಂಟು. ಅದಕ್ಕೇ ಬಸುರಿಗೆ ಜ್ವರ ಬಂದರೆ ಮನೆಯ ಮಾತ್ರೆ ನುಂಗಿ ಮಲಗಬಾರದು, ಡಾಕ್ಟರಿಗೆ ತೋರಿಸಬೇಕು.

ನಮ್ಮ ಅಡುಗೆ ಇಲ್ಲಿ ನಮ್ಮನ್ನು ಬಹಳ ಮಟ್ಟಿಗೆ ಕಾಯುತ್ತದೆ. ಪ್ಯಾಕೆಟ್ ಹಾಲು ಪಾಶ್ಚರೀಕರಣವಾಗಿ ಬಂದಿರುತ್ತದೆ. ಆದರೂ ನಾವು ಉಕ್ಕಿಸದೆ ಬಿಡುವುದಿಲ್ಲ. ಮೊಸರು ಹೆಪ್ಪು ಹಾಕುವುದೂ ಕಾಯಿಸಿದ ಹಾಲಿಗೇ. ಸಾರು, ಹುಳಿ, ಪಲ್ಯ ಎಲ್ಲ ಕುದ್ದದ್ದು. ಫ್ರಿಜ್ಜಿನ ದೋಸೆ ಹಿಟ್ಟು ಕಾವಲಿಯ ಮೇಲೆ ಬೇಯುತ್ತದೆ, ಭಯವಿಲ್ಲ. ತೊಂದರೆ ಇರುವುದು ಕರೆದ ಹಾಲನ್ನು ಹಸಿಯಾಗಿ ಕುಡಿಯುವುದರಲ್ಲಿ, ಬಿಡಿಯಾಗಿ ಮಾರುವ ಪನೀರನ್ನು ಬೇಯಿಸದೆ ತಿನ್ನುವುದರಲ್ಲಿ, ಮೂರು ದಿನದ ಹಿಂದೆ ಹೆಚ್ಚಿ ಡಬ್ಬಿಯಲ್ಲಿಟ್ಟ ಹಸಿ ತರಕಾರಿಯಲ್ಲಿ. ಹಸಿ ಹಾಲಿನಿಂದ ಬ್ರೂಸೆಲ್ಲಾ ಕೂಡ ಬರುತ್ತದೆ, ದನಗಳಲ್ಲಿ ಕಂದು ಹಾಕಿಸುವ, ಅಂದರೆ ಗರ್ಭ ಜಾರಿಸುವ ರೋಗ ಅದು. ಹೊರದೇಶದಲ್ಲಿರುವ ನಮ್ಮ ಹುಡುಗಿಯರು ಇನ್ನೆರಡು ನೆನಪಿಟ್ಟುಕೊಂಡರೆ ಸಾಕು. ಬ್ರೀ, ಕಾಮೆಂಬೇರ್‌ನಂಥ ಮೆತ್ತನೆಯ ಚೀಸ್ ಬೇಡ, ತಣ್ಣಗೆ ಹೋಳು ಮಾಡಿ ಕೊಡುವ ಹ್ಯಾಮ್ ಬೇಡ. ಬಿಸಿಬಿಸಿಯಾಗಿ ಹೊಗೆಯಾಡುವಂತೆ ಕಾಯಿಸಿದರೆ ಆ ಮಾತು ಬೇರೆ.

ಮೊಳಕೆ ಕಾಳಿನ ವಿಷಯಕ್ಕೆ ಬರೋಣ. ಆರೋಗ್ಯಕ್ಕೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಹೌದು. ಆದರೆ ಕಾಳು ಮೊಳೆಯಲು ಬೇಕಾದದ್ದು ತೇವ ಮತ್ತು ಬೆಚ್ಚಗಿನ ಜಾಗ. ಕ್ರಿಮಿಗೂ ಬೇಕಾದದ್ದು ಅದೇ. ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳಿನಲ್ಲಿ ಮೊಳಕೆಯ ಜೊತೆಗೆ ಇನ್ನೇನು ಬೆಳೆದಿದೆಯೋ ನೋಡಿದರೆ ಕಾಣುವುದಿಲ್ಲ, ತೊಳೆದರೂ ಹೋಗುವುದಿಲ್ಲ. ಜರ್ಮನಿಯಲ್ಲಿ 2011ರಲ್ಲಿ ಈ-ಕೋಲೈ ಎಂಬ ಕ್ರಿಮಿ ಹಬ್ಬಿ ಸಾವಿರಾರು ಜನ ಕಾಯಿಲೆ ಬಿದ್ದರು, ಸುಮಾರು 50 ಜನ ಸತ್ತರು. ಮೊದಲು ಸೌತೆಕಾಯಿಯ ಮೇಲೆ ಅನುಮಾನ ಪಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಮೆಂತ್ಯದ ಮೊಳಕೆ, ನಮ್ಮದೇ ಮೆಂತ್ಯ! ಮೊಳಕೆ ಕಾಳು ಬಿಡಬೇಕಾಗಿಲ್ಲ, ಉಸಲಿ ಮಾಡಿ. ಬೇಯಿಸಿದರೆ ಮುಗಿಯಿತು. ಕೋಸಂಬರಿ ತಿನ್ನಬೇಕು ಅನಿಸಿದರೆ ಮನೆಯಲ್ಲೇ, ಒಳ್ಳೆ ನೀರಲ್ಲಿ ಬೇಳೆ ನೆನೆಸಿ, ಕಲಸಿದ ಕೂಡಲೇ ತಿನ್ನಿ. ದೊಡ್ಡ ಸಮಾರಂಭದಲ್ಲಿ ಬೆಳಗಿನಿಂದ ಬೇಸನ್ನಿನಲ್ಲಿ ಕೂತ ಕೋಸಂಬರಿಯನ್ನು ಎಲೆಯ ಮೂಲೆಯಲ್ಲೇ ಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಯೋನೀಸನ್ನು ಹಸಿ ಮೊಟ್ಟೆಯಿಂದ ಮಾಡಿದ್ದರೆ ಸಾಲ್ಮೊನೆಲ್ಲಾ ಎಂಬ ಕ್ರಿಮಿಯ ಭಯ. ತೆಲಂಗಾಣ 2024ರ ಕೊನೆಗೆ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಅದನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮೊಟ್ಟೆ ಬಿಡಬೇಡಿ, ಹಳದಿ ಗಟ್ಟಿಯಾಗುವ ತನಕ ಬೇಯಿಸಿ. ಹಾಫ್ ಬಾಯಿಲ್ ಮಗು ಹುಟ್ಟಿದ ಮೇಲೆ. ಮಾಂಸವೂ ಅಷ್ಟೇ, ಒಳಗೆ ಕೆಂಪು ಉಳಿಯಬಾರದು. ಬೇಯದ ಮಾಂಸದಲ್ಲಿ, ಮಣ್ಣು ಹೋಗದ ಸೊಪ್ಪಿನಲ್ಲಿ ಟೊಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು. ಬೆಕ್ಕಿನ ಮಲದಿಂದ ಬರುವುದೂ ಅದೇ. ಮನೆಯ ಬೆಕ್ಕಿನ ಮಲ ಎತ್ತುವ ಕೆಲಸವನ್ನು ಈ ಒಂಬತ್ತು ತಿಂಗಳು ಗಂಡ ಮಾಡಲಿ.

ನೀರು

ಪಾನಿಪುರಿಯ ಪೂರಿ ಎಣ್ಣೆಯಲ್ಲಿ ಬೆಂದದ್ದು, ಬಟಾಣಿ ಕುದ್ದದ್ದು. ಸಮಸ್ಯೆ ಇರುವುದು ಪಾನಿಯಲ್ಲೇ.

ದೆಹಲಿಯಲ್ಲಿ 1955ರ ಡಿಸೆಂಬರ್‌ನಿಂದ 1956ರ ಜನವರಿವರೆಗೆ ಸುಮಾರು 29,000 ಜನರಿಗೆ ಕಾಮಾಲೆ ಬಂತು. ಯಮುನೆ ಪಾತ್ರ ಬದಲಿಸಿದ್ದರಿಂದ ಊರಿನ ಕೊಳಚೆ ಕುಡಿಯುವ ನೀರು ಎತ್ತುವ ಜಾಗಕ್ಕೇ ಬಂದು ಸೇರಿತ್ತು. ಆ ಕಾಮಾಲೆ ಬಸುರಿಯರನ್ನು ಬೇರೆಯವರಿಗಿಂತ ಹೆಚ್ಚು ಕೊಂದಿತು. ಯಾವ ವೈರಸ್ ಎಂದು ಆಗ ಗೊತ್ತಾಗಲಿಲ್ಲ. ಮಾಸ್ಕೋದ ವಿಜ್ಞಾನಿ ಮಿಖಾಯಿಲ್ ಬಲಾಯನ್ 1983ರಲ್ಲಿ ರೋಗಿಗಳ ಮಲದ ದ್ರಾವಣವನ್ನು ತಾನೇ ಕುಡಿದು, ಕಾಯಿಲೆ ಬಿದ್ದು, ತನ್ನ ಮಲದಲ್ಲಿ ಆ ವೈರಸ್ಸನ್ನು ಕಂಡರು. ಅದೇ ಇಂದಿನ ಹೆಪಟೈಟಿಸ್ ಇ. ಬೇರೆಯವರಿಗೆ ಇದು ಸಾಮಾನ್ಯವಾಗಿ ಬಂದು ಹೋಗುವ ಕಾಮಾಲೆ. ತುಂಬು ಬಸುರಿನಲ್ಲಿ ಬಂದರೆ ನಾಲ್ಕೈದು ಮಂದಿಯಲ್ಲಿ ಒಬ್ಬರ ಜೀವ ತೆಗೆಯಬಹುದು. ಮೊದಲ ಮೂರು ತಿಂಗಳಲ್ಲಿ ಅಷ್ಟು ಉಗ್ರವಲ್ಲ. ಆದರೆ ನೀರಿನ ಅಭ್ಯಾಸವನ್ನು ಈಗಲೇ ಸರಿ ಮಾಡಿಕೊಂಡರೆ ಏಳನೇ ತಿಂಗಳಿಗೂ ಅದೇ ಉಳಿಯುತ್ತದೆ.

ಕುದಿಸಿ ಆರಿಸಿದ ನೀರು, ಇಲ್ಲವೇ ನಂಬಿಕೆಯ ಫಿಲ್ಟರಿನ ನೀರು. ಹೊರಗೆ ಹೋಗುವಾಗ ಬಾಟಲಿ ಜೊತೆಗಿರಲಿ. ಕಬ್ಬಿನ ಹಾಲು ತಾಜಾ ಇದ್ದರೂ ಅದಕ್ಕೆ ಹಾಕುವ ಐಸ್ ಯಾವ ನೀರಿನದೋ ಯಾರಿಗೆ ಗೊತ್ತು. ಎಳನೀರು ಕುಡಿಯಿರಿ, ಕಣ್ಣೆದುರೇ ಕೊಚ್ಚಿಸಿ. ಪಾನಿಪುರಿಯ ಆಸೆ ತಡೆಯಲಾಗದಿದ್ದರೆ ಪೂರಿ ತಂದುಕೊಂಡು ಪಾನಿ ಮನೆಯಲ್ಲೇ ಮಾಡಿ. ಹುಣಸೆಹುಳಿ, ಪುದೀನ, ಹಸಿಮೆಣಸು, ಕುದಿಸಿ ಆರಿಸಿದ ನೀರು. ಬಯಕೆ ಅಂದರೆ ಹುಳಿಯೇ ಅಲ್ವಾ.

ಆರನೇ ವಾರದ ಗಡುವು

ಆ ರಾತ್ರಿ ಅವಳಿಗೆ ನಾನು ಗದರಿದ್ದು ಪಾನಿಪುರಿಗಲ್ಲ, ಮಾತ್ರೆಗೆ.

ಬಸುರಿನ ಲೆಕ್ಕ ಹಿಡಿಯುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ನಿಂತಿತೆಂದು ಪರೀಕ್ಷೆ ಮಾಡುವ ಹೊತ್ತಿಗೆ ನಾಲ್ಕೈದು ವಾರ ಕಳೆದಿರುತ್ತದೆ. ಅಷ್ಟರಲ್ಲಿ ಒಳಗೆ ಒಂದು ದೊಡ್ಡ ಕೆಲಸ ಶುರುವಾಗಿರುತ್ತದೆ. ಹಾಳೆಯಂತೆ ಚಪ್ಪಟೆಯಾಗಿದ್ದ ಜೀವಕೋಶಗಳ ಪದರ ಎರಡೂ ಅಂಚಿನಿಂದ ಮಡಚಿಕೊಂಡು ಕೊಳವೆಯಾಗುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಈ ಕೊಳವೆಯೇ. ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ, ಅಂದರೆ ನಮ್ಮ ಲೆಕ್ಕದ ಆರನೇ ವಾರಕ್ಕೆ, ಅದು ಮುಚ್ಚಿಹೋಗಬೇಕು. ಎಲ್ಲೋ ಒಂದು ಕಡೆ ಬಾಯಿ ತೆರೆದೇ ಉಳಿದರೆ ಮಗುವಿನ ಬೆನ್ನುಹುರಿಗೆ, ತಲೆಗೆ ದೋಷ ಬರುತ್ತದೆ. ಜೀವಕೋಶಗಳು ಆ ವೇಗದಲ್ಲಿ ಹೆಚ್ಚಲು ಫೋಲೇಟ್ ಎಂಬ ವಿಟಮಿನ್ ಬೇಕು, ಮಾತ್ರೆಯಲ್ಲಿರುವ ಫೋಲಿಕ್ ಆಸಿಡ್ ಅದರದೇ ರೂಪ. ಹಿಂದಿನ ಮಗುವಿಗೆ ಈ ದೋಷವಿದ್ದ ತಾಯಂದಿರಿಗೆ ಮೊದಲೇ ಫೋಲಿಕ್ ಆಸಿಡ್ ಕೊಟ್ಟು ನೋಡಿದ ಬ್ರಿಟನ್ನಿನ ದೊಡ್ಡ ಅಧ್ಯಯನದ ಫಲಿತಾಂಶ 1991ರಲ್ಲಿ ಬಂತು. ದೋಷ ಮರುಕಳಿಸುವುದು 72% ಕಡಿಮೆಯಾಗಿತ್ತು. ಸಾಮಾನ್ಯವಾಗಿ ಬೇಕಾದದ್ದು ದಿನಕ್ಕೆ 400 ಮೈಕ್ರೋಗ್ರಾಂ, ಮಗು ಬೇಕು ಅಂದುಕೊಂಡ ದಿನದಿಂದಲೇ. ಹಿಂದೆ ಹಾಗಾಗಿದ್ದವರಿಗೆ, ಸಕ್ಕರೆ ಕಾಯಿಲೆ ಅಥವಾ ಮೂರ್ಛೆರೋಗದ ಮಾತ್ರೆ ಇರುವವರಿಗೆ ಪ್ರಮಾಣ ಬೇರೆ, ಅದನ್ನು ಡಾಕ್ಟರು ಹೇಳಬೇಕು. ಆರನೇ ವಾರದಲ್ಲಿ ನೆನಪಾದರೂ ಇವತ್ತೇ ಶುರು ಮಾಡಿ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೂ ಸಿಗುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸುವಾಗಲೇ ಕೇಳಿ.

ಈ ಫೋಲೇಟ್ ಪತ್ತೆಯಾದ ಕಥೆಯ ಆರಂಭ ನಮ್ಮ ದೇಶದ್ದೇ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದರು. ಬಟ್ಟೆ ಗಿರಣಿಯ ಬಸುರಿಯರಲ್ಲಿ ಒಂದು ಬಗೆಯ ಭಾರಿ ರಕ್ತಹೀನತೆ ಕಾಣುತ್ತಿತ್ತು. ಯಾಕೆಂದು ಯಾರಿಗೂ ತಿಳಿದಿರಲಿಲ್ಲ. ಏನೇನೋ ಕೊಟ್ಟು ನೋಡಿ, ಕೊನೆಗೆ ಈಸ್ಟ್‌ನಿಂದ ಮಾಡುವ ಅಗ್ಗದ ಮಾರ್ಮೈಟ್ ಕೊಟ್ಟಾಗ ಆ ಬಸುರಿಯರು ಚೇತರಿಸಿಕೊಂಡರು. ಅದರಲ್ಲಿದ್ದ ಆ 'ಏನೋ ಒಂದು' 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರೆಯಾಗಿ ಸಿಕ್ಕಿತು. ಲ್ಯಾಟಿನ್‌ನಲ್ಲಿ ಎಲೆಗೆ ಫೋಲಿಯಂ, ಅದರಿಂದ ಫೋಲಿಕ್.

ಎಲೆ ಅಂದರೆ ನಮ್ಮ ದಂಟು, ಹರಿವೆ, ಮೆಂತ್ಯ, ಪಾಲಕ್. ಕಾಳಿನಲ್ಲೂ ಇದೆ, ಅಲಸಂದೆ, ಹೆಸರು, ಕಡಲೆ. ಆದರೆ ಫೋಲೇಟ್ ನೀರಿನಲ್ಲಿ ಕರಗುವಂಥದ್ದು. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅರ್ಧ ಗಳಿಕೆ ಬಚ್ಚಲಿಗೆ. ಈ ವಿಷಯದಲ್ಲಿ ಹಳೇ ಮೈಸೂರಿನ ಬಸ್ಸಾರಿಗೆ ಕೈ ಮುಗಿಯಬೇಕು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಸಾರು, ಬಸಿದ ಸೊಪ್ಪಿನದು ಪಲ್ಯ. ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ಬಸುರಿಗೆ ಬಸ್ಸಾರು, ಬೇಕೆಂದೇ ಇಟ್ಟ ಹೆಸರಿನಂತಿದೆ. ಹಾಗಂತ ಬಸ್ಸಾರು ಉಂಡೆ, ಮಾತ್ರೆ ಬೇಡ ಅನ್ನುವಂತಿಲ್ಲ. ಮತ್ತೆ ಮೊಟ್ಟೆಯನ್ನೂ ಮುಟ್ಟದವರಲ್ಲಿ ಬಿ-12 ಕಡಿಮೆ ಇರುವುದು ಸಾಮಾನ್ಯ. ಫೋಲಿಕ್ ಮಾತ್ರೆ ಅದನ್ನು ತುಂಬುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ನೋಡಿಸಿಕೊಳ್ಳಿ.

ಉಪ್ಪಿನದೂ ಒಂದು ಮಾತು. ಈಚೆಗೆ ಎಲ್ಲರ ಮನೆಯಲ್ಲೂ ಸೈಂಧವ ಲವಣ, ಗುಲಾಬಿ ಉಪ್ಪು. ಅದರಲ್ಲಿ ನೆಚ್ಚಿಕೊಳ್ಳುವಷ್ಟು ಅಯೋಡಿನ್ ಇಲ್ಲ. ಮೊದಲ ಮೂರು ತಿಂಗಳು ಮಗು ತನ್ನ ಥೈರಾಯ್ಡ್ ಹಾರ್ಮೋನಿಗೆ ತಾಯಿಯನ್ನೇ ನಂಬಿರುತ್ತದೆ. ಈಗ ಮಾಮೂಲಿ ಅಯೋಡಿನ್ ಉಪ್ಪೇ ಇರಲಿ.

ಕಾಫಿ, ಮೀನು, ಬಳಪ

ಕಾಫಿ ಪೂರ್ತಿ ಬಿಡು ಅಂದರೆ ನನ್ನ ಅಕ್ಕನ ಮಗಳು ಅಳುತ್ತಿದ್ದಳು. ಬಿಡಬೇಕಾಗಿಲ್ಲ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬೇಡಿ ಎನ್ನುವುದು ಹೆಚ್ಚಿನ ವೈದ್ಯರ ಮಾತು. ಬಸುರಿನಲ್ಲಿ ಕೆಫೀನ್ ಮೈಯಿಂದ ಹೋಗುವುದು ನಿಧಾನ, ಮಗುವಿಗಂತೂ ಅದನ್ನು ಅರಗಿಸುವ ದಾರಿಯೇ ಇಲ್ಲ. ಫಿಲ್ಟರ್ ಕಾಫಿಯಲ್ಲಿ ಎಷ್ಟಿದೆ ಎನ್ನುವುದು ಡಿಕಾಕ್ಷನ್ ಎಷ್ಟು ಗಟ್ಟಿ, ಚಿಕೋರಿ ಎಷ್ಟು ಬೆರೆತಿದೆ ಎನ್ನುವುದರ ಮೇಲೆ. ಬೆಂಗಳೂರಿನವರಿಗೆ ಸುಲಭದ ದಾರಿ ಗೊತ್ತೇ ಇದೆ, ಬೈ-ಟು. ದಿನಕ್ಕೆ ಎರಡು ಸಣ್ಣ ಲೋಟ ಸಾಕು. ಊಟವಾದ ತಕ್ಷಣ ಮಾತ್ರ ಬೇಡ, ಕಾಫಿ, ಟೀ ಎರಡೂ ಊಟದಲ್ಲಿನ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಮೀನು ತಿನ್ನುವವರು ನಿಲ್ಲಿಸಬೇಡಿ, ಮಗುವಿನ ಮಿದುಳಿಗೆ ಅದು ಒಳ್ಳೆಯದು. ಪಾದರಸ ಸೇರಿಕೊಳ್ಳುವುದು ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತಾ ಹೋದಂತೆ. ಬಂಗುಡೆ, ಬೂತಾಯಿ ಸಣ್ಣವು, ಅಗ್ಗದವೂ ಹೌದು, ಧಾರಾಳವಾಗಿ ತಿನ್ನಿ. ಶಾರ್ಕಿನಂಥ ದೊಡ್ಡದನ್ನು ಬಿಡಿ. ಜಪಾನಿನ ಮಿನಮಾತದಲ್ಲಿ 1950ರ ದಶಕದಲ್ಲಿ ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದ ಎಷ್ಟೋ ತಾಯಂದಿರು ಹೊರಗೆ ಚೆನ್ನಾಗೇ ಕಂಡರು, ಹುಟ್ಟಿದ ಮಕ್ಕಳ ಮಿದುಳು ಹಾಳಾಗಿತ್ತು. ಕುರಿಯ ಲಿವರ್ ಕೂಡ ಈ ಮೂರು ತಿಂಗಳು ಬೇಡ. ಅದರಲ್ಲಿ ವಿಟಮಿನ್ ಎ ವಿಪರೀತ, ಮಗುವಿನ ಅಂಗಗಳು ಮೂಡುವ ಹೊತ್ತಿಗೆ ಅದು ಜಾಸ್ತಿಯಾಗಬಾರದು. ಮದ್ಯ, ಹೊಗೆಸೊಪ್ಪು ಯಾವ ರೂಪದಲ್ಲೂ ಬೇಡ. ಅಡಿಕೆಯೂ ಬೇಡ.

ಕೆಲವರಿಗೆ ಬಳಪ, ಮಣ್ಣು, ಇದ್ದಿಲು ತಿನ್ನುವ ಆಸೆ ಹುಟ್ಟುತ್ತದೆ. ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುತ್ತಾರೆ. ಹೆಚ್ಚಿನ ಸಲ ಇದು ರಕ್ತ ಕಡಿಮೆಯಾದ ಗುರುತು, ಡಾಕ್ಟರಿಗೆ ಹೇಳಿ. ಮಣ್ಣಿನಲ್ಲಿ ಸೀಸವಿರಬಹುದು. ಸೀಸ ಅಂದಾಗ ನೆನಪಾಯಿತು. ನ್ಯೂಯಾರ್ಕ್‌ನಲ್ಲಿ 2011–12ರಲ್ಲಿ ಆರು ಬಸುರಿಯರ ರಕ್ತದಲ್ಲಿ ಸೀಸ ಏರಿತ್ತು. ಆರೂ ಮಂದಿ ಭಾರತದಲ್ಲಿ ತಯಾರಾದ ಆಯುರ್ವೇದದ ಮಾತ್ರೆ ನುಂಗುತ್ತಿದ್ದರು. ಯಾರೋ ಪ್ರೀತಿಯಿಂದ ತಂದುಕೊಟ್ಟ ಲೇಹ್ಯ, ಭಸ್ಮ, ಗುಳಿಗೆ ಏನೇ ಇರಲಿ, ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಕೇಸರಿ ಹಾಲು? ಎರಡು ಎಳೆ ಹಾಕಿ ಕುಡಿದರೆ ತೊಂದರೆಯಿಲ್ಲ. ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಏನೂ ಒಳಗೆ ನಿಲ್ಲದಾಗ

ಇಷ್ಟೆಲ್ಲ ಹೇಳಿ ಹತ್ತು ದಿನ ಕಳೆದಿರಲಿಲ್ಲ, ಮತ್ತೆ ಫೋನು. ಈಗ ಏನು ತಿನ್ನಬಾರದು ಎನ್ನುವ ಪ್ರಶ್ನೆಯೇ ಇರಲಿಲ್ಲ. ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು.

ನಾಲ್ವರಲ್ಲಿ ಮೂವರಿಗೆ ಹೀಗಾಗುತ್ತದೆ. ಆರನೇ ವಾರದ ಸುಮಾರಿಗೆ ಶುರು, ಒಂಬತ್ತರ ಆಸುಪಾಸು ಉತ್ತುಂಗ, ಹದಿನಾಲ್ಕು ಹದಿನಾರಕ್ಕೆ ಹೆಚ್ಚಿನವರಿಗೆ ಇಳಿಯುತ್ತದೆ. ಮಗುವಿನ ಕಡೆಯಿಂದ ಬರುವ ಜಿಡಿಎಫ್-15 ಎಂಬ ಹಾರ್ಮೋನ್ ಇದರ ಹಿಂದಿದೆ ಎಂದು 2023ರ ಡಿಸೆಂಬರ್‌ನಲ್ಲಿ ವಿಜ್ಞಾನಿಗಳು ತೋರಿಸಿದರು. ಬಸುರಿಗೆ ಮುಂಚೆ ಆ ಹಾರ್ಮೋನಿನ ಅಭ್ಯಾಸ ಯಾರಿಗೆ ಕಡಿಮೆಯೋ ಅವರಿಗೆ ವಾಂತಿ ಜಾಸ್ತಿ. "ಎಲ್ಲ ನಿನ್ನ ಮನಸ್ಸಿನದ್ದು" ಅನ್ನುವವರಿಗೆ ಇದನ್ನು ಹೇಳಿ.

ಎರಡು ಜೀವದವಳು, ಎರಡರಷ್ಟು ತಿನ್ನು ಎಂಬ ಒತ್ತಾಯಕ್ಕೆ ಈಗ ಅರ್ಥವಿಲ್ಲ. ಭ್ರೂಣ ಈಗ ಹಿಡಿಯಷ್ಟೂ ಇಲ್ಲ, ಹೆಚ್ಚುವರಿ ಊಟ ಬೇಕಾಗುವುದು ನಾಲ್ಕನೇ ತಿಂಗಳಿಂದ. ಹೋದಷ್ಟು ಹೋಗಲಿ. ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಮಂಡಕ್ಕಿ, ಹುರಿಗಡಲೆ ಅಥವಾ ಒಂದು ರಸ್ಕ್. ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ಹೊಟ್ಟೆ ಖಾಲಿ ಬಿಟ್ಟಷ್ಟೂ ಜಾಸ್ತಿ ತೊಳಸುತ್ತದೆ. ಬಿಸಿ ಅಡುಗೆಯ ವಾಸನೆ ಆಗದಿದ್ದರೆ ಮೊಸರನ್ನ, ತಣ್ಣಗಾದ ರಾಗಿ ಗಂಜಿ. ಮೊಸರನ್ನಕ್ಕೆ ಆ ಹೊತ್ತಿನ ಅನ್ನವೇ ಬೇಕು. ಬೆಳಗಿನಿಂದ ಪಾತ್ರೆಯಲ್ಲಿ ಹೊರಗೇ ಬಿಟ್ಟ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷ ಬಿಸಿ ಮಾಡಿದರೂ ಸಾಯುವುದಿಲ್ಲ. ನೀರನ್ನು ಊಟದ ಜೊತೆ ಕುಡಿಯದೆ ನಡುವೆ ಗುಟುಕು ಗುಟುಕಾಗಿ ಕುಡಿಯಿರಿ. ಶುಂಠಿಯಿಂದ ಕೆಲವರಿಗೆ ಗುಣ ಕಾಣುತ್ತದೆ. ಕಬ್ಬಿಣದ ಮಾತ್ರೆ ಹೊಟ್ಟೆ ಕೆಡಿಸುವುದುಂಟು, ಸರ್ಕಾರಿ ಕ್ರಮದಲ್ಲಿ ಅದನ್ನು ಕೊಡುವುದು ನಾಲ್ಕನೇ ತಿಂಗಳಿಂದ. ಅಲ್ಲಿಯವರೆಗೆ ಫೋಲಿಕ್ ಒಂದನ್ನು ರಾತ್ರಿ ಮಲಗುವಾಗ ನುಂಗಿದರೂ ಆಯಿತು.

ಇಡೀ ದಿನ ನೀರೂ ಒಳಗೆ ನಿಲ್ಲದಿದ್ದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿ ಬಹಳ ಕಡಿಮೆಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ತೂಕ ಇಳಿಯುತ್ತಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ಮನೆಮದ್ದು ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಡ್ರಿಪ್ ಹಾಕುತ್ತಾರೆ, ಈ ತಿಂಗಳಲ್ಲೂ ಕೊಡಬಹುದಾದ ವಾಂತಿ ಮಾತ್ರೆಗಳಿವೆ. ಅವಳನ್ನೂ ಒಂದು ದಿನ ಹಾಗೆ ಕರೆದುಕೊಂಡು ಹೋಗಬೇಕಾಯಿತು. ಡ್ರಿಪ್ ಮುಗಿಯುವ ಹೊತ್ತಿಗೆ ಹಸಿವಾಗ್ತಿದೆ ಅಂದಳು. ಏನು ಬೇಕೇ ಅಂದರೆ, ಅಜ್ಜಿ ಅತ್ತ ಹೋಗಿದ್ದನ್ನು ನೋಡಿಕೊಂಡು ಪಿಸುಗುಟ್ಟಿದಳು: "ಪರಂಗಿ ಹಣ್ಣು ಸಿಗತ್ತಾ ಚಿಕ್ಕಮ್ಮಾ?"